ಜರ್ಮನಿಗೆ ಎಂ.ಎಸ್. ಓದಲು ಬರುವವರಿಗೆ: ಮೊದಲ ಆರು ತಿಂಗಳು ಏನೇನು ಮಾಡಬೇಕು

ಸೀಟು ಸಿಕ್ಕಿದೆ, ವೀಸಾ ಬಂದಿದೆ, ಮನೆಯಲ್ಲಿ ಸೂಟ್‌ಕೇಸ್ ತೂಕ ನೋಡುತ್ತಿದ್ದಾರೆ. ಈ ಹಂತಕ್ಕೆ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಡ್ಮಿಷನ್ ಪಡೆಯುವುದು, ಎಪಿಎಸ್ (ನಮ್ಮ ಮಾರ್ಕ್ಸ್ ಕಾರ್ಡ್, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ) ಮಾಡಿಸುವುದು ಇಲ್ಲಿಲ್ಲ. ವಿಮಾನ ಇಳಿದ ಮೇಲಿನ ಕೆಲಸಗಳಷ್ಟೇ ಇವೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಲೇಜುಗಳಲ್ಲಿ ಯಾರಾದರೊಬ್ಬರು ನೆನಪಿಸುತ್ತಲೇ ಇರುತ್ತಾರೆ. ಅಟೆಂಡೆನ್ಸ್ ಕಮ್ಮಿ ಇದೆ, ಎಕ್ಸಾಮ್ ಫೀ ಕಟ್ಟು, ಅಸೈನ್‌ಮೆಂಟ್ ಕೊಡು ಅಂತ. ಜರ್ಮನಿಯಲ್ಲಿ ಯಾರೂ ನೆನಪಿಸುವುದಿಲ್ಲ. ಗಡುವು ದಾಟಿದರೆ ದಾಟಿತು. ಆದರೆ ಹೋಗಿ ಕೇಳಿದರೆ ಸಹಾಯ ಸಿಗುತ್ತದೆ. ಪ್ರತಿಯೊಂದು ವಿಷಯಕ್ಕೂ ಒಂದು ಕಚೇರಿ ಇದೆ, ಹೆಚ್ಚಿನ ಕಡೆ ಅದು ಉಚಿತವೂ ಹೌದು. ಇಲ್ಲಿ ಕಷ್ಟಪಡುವವರಲ್ಲಿ ಬಹಳ ಜನ ದಡ್ಡರಲ್ಲ, ಕೇಳಲು ಸಂಕೋಚಪಟ್ಟವರು.

ಹೊರಡುವ ಮೊದಲು

ನಿಮ್ಮ ಭಾರತದ ಮೊಬೈಲ್ ನಂಬರನ್ನು ಬಿಡಬೇಡಿ. ಬ್ಯಾಂಕ್ ಒಟಿಪಿ, ಎಜುಕೇಷನ್ ಲೋನ್, ಆಧಾರ್ ಎಲ್ಲವೂ ಅದಕ್ಕೇ ಜೋಡಿಸಿಕೊಂಡಿವೆ. ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಎಸ್ಸೆಮ್ಮೆಸ್ ಬರುವಷ್ಟು ಚಿಕ್ಕ ರೀಚಾರ್ಜ್‌ನಲ್ಲಿ ಇಟ್ಟುಕೊಳ್ಳಿ.

ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್, ಅಡ್ಮಿಷನ್ ಪತ್ರ, ಎಪಿಎಸ್, ಬ್ಲಾಕ್ಡ್ ಅಕೌಂಟಿನ (ಖರ್ಚಿನ ದುಡ್ಡನ್ನು ಮೊದಲೇ ಇಟ್ಟು ತಿಂಗಳು ತಿಂಗಳು ಇಷ್ಟಿಷ್ಟೇ ಪಡೆಯುವ ಖಾತೆ) ದಾಖಲೆ, ಇನ್ಶೂರೆನ್ಸ್ ಪತ್ರ ಎಲ್ಲದರ ಮೂಲ ಪ್ರತಿ ಕೈಚೀಲದಲ್ಲೇ ಇರಲಿ. ಚೆಕ್ ಇನ್ ಲಗೇಜಿಗೆ ಹಾಕಬೇಡಿ. ಯೂನಿವರ್ಸಿಟಿಯಲ್ಲಿ ಎನ್‌ರೋಲ್ ಆಗುವಾಗ ಮೂಲ ಪ್ರತಿ ಕೇಳುವುದುಂಟು.

ತಿಂಡಿ ತುಂಬುವ ಅಮ್ಮಂದಿರಿಗೆ ಒಂದು ಮಾತು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಅಂದರೆ ತುಪ್ಪ, ಧಾರವಾಡ ಪೇಡ ಬೇಡ. ಹಸಿ ಕರಿಬೇವೂ ಬೇಡ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಒಣ ಮೆಣಸಿನಕಾಯಿ ತನ್ನಿ. ಅಕ್ಕಿ, ಬೇಳೆ ಹೊರಲು ಹೋಗಬೇಡಿ, ಇಲ್ಲೇ ಸಿಗುತ್ತದೆ. ಐದು ಲೀಟರಿನ ಕುಕ್ಕರ್ ಬದಲು ಚಿಕ್ಕ, ತಳ ಚಪ್ಪಟೆ ಇರುವ, ಇಂಡಕ್ಷನ್‌ಗೂ ಆಗುವ ಕುಕ್ಕರ್ ತನ್ನಿ. ಇಲ್ಲಿನ ಒಲೆಗಳು ಹೆಚ್ಚಾಗಿ ಗಾಜಿನ ಮೇಲ್ಮೈಯ ಎಲೆಕ್ಟ್ರಿಕ್ ಒಲೆ, ತಳ ಗುಂಡಗಿರುವ ಬಾಣಲೆ ಅದರ ಮೇಲೆ ಕೂರುವುದಿಲ್ಲ.

ಕೈಯಲ್ಲಿ ಎಷ್ಟು ದುಡ್ಡು ಇರಬೇಕು?

ಹೆಚ್ಚು ಜನ ತಪ್ಪು ಲೆಕ್ಕ ಹಾಕುವುದು ಇಲ್ಲೇ. 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು ಎಂಬ ನಿಯಮ ಬಂತು. ಈ ಮೊತ್ತ ಆಗಾಗ ಏರುತ್ತದೆ, ಈಗ ಎಷ್ಟಿದೆ ಅಂತ ನೀವೇ ಒಮ್ಮೆ ನೋಡಿಕೊಳ್ಳಿ. ಇಷ್ಟು ದುಡ್ಡು ಇದೆಯಲ್ಲ, ಇನ್ನೇನು ಚಿಂತೆ ಅನಿಸುತ್ತದೆ. ಆದರೆ ಅದರಿಂದ ತಿಂಗಳಿಗೆ ಬರುವುದು 992 ಯೂರೋ ಮಾತ್ರ. ಅದೂ ನೀವು ಬಂದು, ಇಲ್ಲಿ ಬ್ಯಾಂಕ್ ಖಾತೆ ತೆರೆದು, ಅದರ ನಂಬರ್ ಕೊಟ್ಟ ಮೇಲೆ.

ಮೊದಲ ತಿಂಗಳ ಖರ್ಚು ನೋಡಿ. ಬಾಡಿಗೆ, ಮನೆಯ ಡೆಪಾಸಿಟ್, ಯೂನಿವರ್ಸಿಟಿಯ ಸೆಮಿಸ್ಟರ್ ಶುಲ್ಕ, ಹಾಸಿಗೆ, ಹೊದಿಕೆ, ಚಳಿಗೆ ಜಾಕೆಟ್. ಡೆಪಾಸಿಟ್ ಒಂದೇ ಮೂರು ತಿಂಗಳ ಬಾಡಿಗೆಯಷ್ಟು ಆಗಬಹುದು. ಹಾಗಾಗಿ ಬ್ಲಾಕ್ಡ್ ಅಕೌಂಟ್ ಬಿಟ್ಟು ಬೇರೆಯಾಗಿ 2,000ದಿಂದ 2,500 ಯೂರೋ ಫೋರೆಕ್ಸ್ ಕಾರ್ಡಿನಲ್ಲಿ ಇರಲಿ ಅನ್ನುವುದು ನನ್ನ ಸಲಹೆ. ಲೋನ್ ಮಾಡುವಾಗಲೇ ಇದನ್ನೂ ಸೇರಿಸಿ ಕೇಳಿ. ಹಣ ಬರಲು ತಡವಾದರೆ ಸಾಲ ಕೇಳಲು ಇಲ್ಲಿ ಪರಿಚಯದವರು ಇರುವುದಿಲ್ಲ, ಅಲ್ವಾ?

ಫೀಸಿನ ಬಗ್ಗೆಯೂ ಒಂದು ಎಚ್ಚರಿಕೆ. ಜರ್ಮನಿಯ ಎಲ್ಲ ಸರ್ಕಾರಿ ಯೂನಿವರ್ಸಿಟಿಗಳೂ ಉಚಿತ ಎಂಬ ಮಾತು ಈಗ ಪೂರ್ತಿ ನಿಜವಲ್ಲ. ಬಾಡನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರಿಂದ ಹೊಸದಾಗಿ ಸೇರುವ ಹೊರದೇಶದ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ ನಿಗದಿ ಮಾಡಿದೆ.

ಮನೆ ಹುಡುಕುವುದು

ಇಡೀ ವರ್ಷದ ಅತ್ಯಂತ ಕಷ್ಟದ ಕೆಲಸ ಇದೇ. ಸ್ಟುಡಿಯೆರೆಂಡನ್‌ವೆರ್ಕ್ ಎಂಬ ಸಂಸ್ಥೆ ಪ್ರತಿ ಯೂನಿವರ್ಸಿಟಿ ಊರಿನಲ್ಲೂ ಇದೆ, ವಿದ್ಯಾರ್ಥಿ ಹಾಸ್ಟೆಲ್‌ಗಳು ಅದರ ಕೈಯಲ್ಲಿವೆ. ಅಡ್ಮಿಷನ್ ಪತ್ರ ಬಂದ ದಿನವೇ ಅಲ್ಲಿ ಅರ್ಜಿ ಹಾಕಿ. ಕೆಲವು ಊರುಗಳಲ್ಲಿ ಅಡ್ಮಿಷನ್ ಬರುವ ಮೊದಲೇ ಹಾಕಲು ಬಿಡುತ್ತಾರೆ. ಕಾಯುವ ಪಟ್ಟಿ ಒಂದೆರಡು ಸೆಮಿಸ್ಟರ್ ಉದ್ದ ಇರಬಹುದು, ಆದರೂ ಹಾಕಿ. ಇವತ್ತು ಹಾಕಿದ ಅರ್ಜಿ ಮುಂದಿನ ವರ್ಷಕ್ಕಾದರೂ ಕೈಗೆ ಬರುತ್ತದೆ.

ಹಾಸ್ಟೆಲ್ ಸಿಗದಿದ್ದರೆ ವೇಗೇ. ಒಂದೇ ಫ್ಲ್ಯಾಟಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೂಮು, ಅಡುಗೆಮನೆ ಮತ್ತು ಬಚ್ಚಲು ಎಲ್ಲರಿಗೂ ಸೇರಿ. ವೇಗೇ ಗೆಝೂಕ್ಟ್ ಎಂಬ ತಾಣದಲ್ಲಿ ಹೆಚ್ಚಿನವರು ಹುಡುಕುತ್ತಾರೆ. ಅಲ್ಲಿ ಎಲ್ಲರಿಗೂ ಒಂದೇ ಮೆಸೇಜ್ ಕಾಪಿ ಮಾಡಿ ಕಳಿಸಿದರೆ ಉತ್ತರ ಬರುವುದಿಲ್ಲ. ಜಾಹೀರಾತನ್ನು ಪೂರ್ತಿ ಓದಿ, ಅದರಲ್ಲಿ ಬರೆದ ಯಾವುದಾದರೂ ಒಂದು ವಿಷಯಕ್ಕೆ ಉತ್ತರ ಕೊಟ್ಟು, ನೀವು ಯಾರು, ಏನು ಓದುತ್ತೀರಿ, ಅಡುಗೆ ಮಾಡುತ್ತೀರಾ, ಯಾವಾಗ ಬರುತ್ತೀರಿ ಅಂತ ಹತ್ತು ಸಾಲು ಬರೆಯಿರಿ. ಆಮೇಲೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಾರೆ. ಅದು ಇಂಟರ್‌ವ್ಯೂ ಅಲ್ಲ, ಒಟ್ಟಿಗೆ ಬಾಳಲು ಆಗುತ್ತದಾ ಅಂತ ನೋಡುವುದು ಅಷ್ಟೇ.

ಬಾಡಿಗೆ ಊರಿನಿಂದ ಊರಿಗೆ ತುಂಬಾ ಬೇರೆ. ಮ್ಯೂನಿಕ್‌ನಲ್ಲಿ ಒಂದು ರೂಮಿಗೆ 700–800 ಯೂರೋ ಮಾಮೂಲು. ಕೆಮ್ನಿಟ್ಸ್‌ನಂಥ ಊರಿನಲ್ಲಿ 300ರ ಆಸುಪಾಸಿನಲ್ಲಿ ಸಿಗುತ್ತದೆ. ಜಾಹೀರಾತಿನಲ್ಲಿ ಕಾಲ್ಟ್ ಎಂದಿದ್ದರೆ ಹೀಟಿಂಗ್, ನೀರು ಸೇರಿಲ್ಲ. ವಾರ್ಮ್ ಎಂದಿದ್ದರೆ ಅವು ಸೇರಿವೆ. ಕರೆಂಟು, ಇಂಟರ್ನೆಟ್ ಬೇರೆಯಾ ಅಂತ ಕೇಳಿಕೊಳ್ಳಿ. ಡೆಪಾಸಿಟ್ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಇದು ಕಾನೂನಿನಲ್ಲೇ ಇದೆ.

ಮೋಸದ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಭಾರತದಿಂದ ಹುಡುಕುವವರೇ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಮಾಲೀಕ ತಾನು ಬೇರೆ ದೇಶದಲ್ಲಿದ್ದೇನೆ ಅನ್ನುತ್ತಾನೆ. ಫೋಟೋ ಬಹಳ ಚೆನ್ನಾಗಿರುತ್ತದೆ, ಬಾಡಿಗೆ ಕಡಿಮೆ. ದುಡ್ಡು ಕಳಿಸಿದರೆ ಕೀಲಿ ಪೋಸ್ಟಿನಲ್ಲಿ ಬರುತ್ತದೆ ಅನ್ನುತ್ತಾನೆ. ಇಂಥದ್ದು ಕಂಡರೆ ಅಲ್ಲೇ ನಿಲ್ಲಿಸಿ. ಪಾಸ್‌ಪೋರ್ಟ್ ಸ್ಕ್ಯಾನ್ ಕೂಡ ಕಳಿಸಬೇಡಿ. ಮನೆಯನ್ನು ನೀವಾಗಲಿ, ಆ ಊರಿನಲ್ಲಿರುವ ಸೀನಿಯರ್ ಆಗಲಿ ಕಣ್ಣಾರೆ ನೋಡದೆ ಒಂದು ಪೈಸೆಯನ್ನೂ ಕೊಡಬೇಡಿ.

ಖಾಯಂ ಮನೆ ಸಿಗುವವರೆಗೆ ಒಂದೆರಡು ತಿಂಗಳಿಗೆ ಯಾರದಾದರೂ ರೂಮನ್ನು ಉಪಬಾಡಿಗೆಗೆ ತೆಗೆದುಕೊಳ್ಳುವುದು ಒಳ್ಳೆಯ ದಾರಿ. ಆದರೆ ಒಂದು ಪ್ರಶ್ನೆ ಕೇಳದೆ ಒಪ್ಪಬೇಡಿ: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ) ಮಾಡಿಸಬಹುದಾ? ಆಗುವುದಿಲ್ಲ ಅಂದರೆ ಆ ರೂಮು ಎಷ್ಟೇ ಅಗ್ಗವಾದರೂ ನಿಮಗೆ ಉಪಯೋಗವಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಂದ ಮೇಲಿನ ಕಾಗದಗಳು, ಇದೇ ಕ್ರಮದಲ್ಲಿ

ಒಂದು ಕಾಗದ ಇಲ್ಲದೆ ಇನ್ನೊಂದು ಸಿಗುವುದಿಲ್ಲ. ಹಾಗಾಗಿ ಕ್ರಮ ಮುಖ್ಯ.

ಮೊದಲನೆಯದು ಆನ್‌ಮೆಲ್ಡುಂಗ್, ಅಂದರೆ ನಗರ ಕಚೇರಿಯಲ್ಲಿ ನಿಮ್ಮ ವಿಳಾಸ ನೋಂದಾಯಿಸುವುದು. ಮನೆಗೆ ಬಂದು ಎರಡು ವಾರದೊಳಗೆ ಮಾಡಿಸಬೇಕು ಅನ್ನುತ್ತದೆ ಕಾನೂನು. ಪಾಸ್‌ಪೋರ್ಟ್ ಬೇಕು, ಜೊತೆಗೆ ನೀವು ಅಲ್ಲಿ ವಾಸವಿದ್ದೀರಿ ಎಂದು ಮನೆ ಬಾಡಿಗೆಗೆ ಕೊಟ್ಟವರು ಸಹಿ ಹಾಕಿದ ಒಂದು ಫಾರ್ಮ್ ಬೇಕು. ಬಾಡಿಗೆ ಕರಾರು ಒಂದೇ ಸಾಲದು. ಅಪಾಯಿಂಟ್‌ಮೆಂಟ್ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು, ಅಕ್ಟೋಬರ್‌ನಲ್ಲಿ ಎಲ್ಲ ಊರುಗಳಲ್ಲೂ ನೂಕುನುಗ್ಗಲು. ವಿಳಾಸ ಗೊತ್ತಿದ್ದರೆ ಊರಿನಿಂದ ಹೊರಡುವ ಮೊದಲೇ ಬುಕ್ ಮಾಡಿ. ಸ್ಲಾಟ್ ಇಲ್ಲ ಅಂತ ತೋರಿಸಿದರೆ ಬೆಳಿಗ್ಗೆ ಬೇಗ ಮತ್ತೆ ನೋಡಿ, ಬೇರೆಯವರು ಬಿಟ್ಟುಕೊಟ್ಟವು ಕಾಣಿಸಿಕೊಳ್ಳುತ್ತವೆ.

ಅದೇ ದಿನ ಇನ್ನೊಂದು ಚಿಕ್ಕ ಕೆಲಸ: ಪೋಸ್ಟ್ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ಇಲ್ಲಿ ಬ್ಯಾಂಕ್ ಪಿನ್, ತೆರಿಗೆ ನಂಬರ್, ಇನ್ಶೂರೆನ್ಸ್ ಕಾರ್ಡ್ ಬಹುತೇಕ ಅಂಚೆಯಲ್ಲೇ ಬರುವುದು. ಡಬ್ಬಿಯನ್ನು ದಿನಾ ನೋಡಿ. ಬಂದ ಯಾವ ಕಾಗದವನ್ನೂ ಬಿಸಾಡಬೇಡಿ, ಅರ್ಥವಾಗದ ಜರ್ಮನ್ ಕಾಗದವನ್ನು ಪಕ್ಕಕ್ಕೂ ಇಡಬೇಡಿ. ಫೋನಿನಲ್ಲಿ ಅನುವಾದ ಮಾಡಿ ನೋಡಿ, ಗಡುವು ಇರುವ ತಾರೀಕನ್ನು ಹುಡುಕಿ ಬರೆದಿಟ್ಟುಕೊಳ್ಳಿ.

ಆನ್‌ಮೆಲ್ಡುಂಗ್ ಕಾಗದ ಕೈಗೆ ಬಂದರೆ ಬ್ಯಾಂಕ್ ಖಾತೆ ಸಲೀಸು. ಖಾತೆ ತೆರೆದ ಕೂಡಲೇ ಬ್ಲಾಕ್ಡ್ ಅಕೌಂಟಿನವರಿಗೆ ವಿವರ ಕೊಡಿ, ತಿಂಗಳ ಹಣ ಶುರುವಾಗುತ್ತದೆ. ನೋಂದಣಿ ಆದ ಕೆಲವು ವಾರಗಳಲ್ಲಿ ತೆರಿಗೆ ನಂಬರ್ ತಾನಾಗಿಯೇ ಅಂಚೆಯಲ್ಲಿ ಬರುತ್ತದೆ. ಮುಂದೆ ಕೆಲಸಕ್ಕೆ ಸೇರುವಾಗ ಅದು ಬೇಕು.

ಹಾಗೆಯೇ ರೇಡಿಯೋ–ಟಿವಿ ಶುಲ್ಕದ ಪತ್ರವೂ ಬರುತ್ತದೆ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ತಿಂಗಳಿಗೆ 18.36 ಯೂರೋ. ಅದು ಮನೆಗೆ ಒಂದು, ತಲೆಗೆ ಒಂದಲ್ಲ. ವೇಗೇಯಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆಯ ನಂಬರ್ ಕೊಟ್ಟು ನಿಮ್ಮ ಪಾಲು ಹಂಚಿಕೊಳ್ಳಿ.

ಆಮೇಲೆ ವಾಸದ ಪರವಾನಗಿ. ಕೈಯಲ್ಲಿರುವ ವೀಸಾ ಹೆಚ್ಚಾಗಿ ಮೂರರಿಂದ ಆರು ತಿಂಗಳದ್ದು. ಅದು ಮುಗಿಯುವ ಮೊದಲು ವಿದೇಶೀಯರ ಕಚೇರಿಗೆ ಅರ್ಜಿ ಹೋಗಿರಬೇಕು. ಅಪಾಯಿಂಟ್‌ಮೆಂಟ್ ತಿಂಗಳುಗಟ್ಟಲೆ ಮುಂದೆ ಸಿಗಬಹುದು, ಹಾಗಾಗಿ ಆನ್‌ಮೆಲ್ಡುಂಗ್ ಮುಗಿದ ವಾರವೇ ಅರ್ಜಿ ಹಾಕಿ. ಸಮಯಕ್ಕೆ ಹಾಕಿದ್ದರೆ ತೀರ್ಮಾನ ಬರುವವರೆಗೆ ಇಲ್ಲಿರಲು ಅವಕಾಶವಿದೆ, ಅದಕ್ಕೆ ಒಂದು ತಾತ್ಕಾಲಿಕ ಪತ್ರ ಕೊಡುತ್ತಾರೆ. ಅರ್ಜಿ ಹಾಕಿದ ಇಮೇಲ್, ರಸೀದಿ ಎಲ್ಲ ಜೋಪಾನ. ಆ ಮಧ್ಯೆ ಊರಿಗೆ ಹೋಗಿಬರಬೇಕಿದ್ದರೆ ಟಿಕೆಟ್ ಮಾಡುವ ಮೊದಲು ಆ ಕಚೇರಿಯನ್ನೇ ಕೇಳಿ.

ಹೆಲ್ತ್ ಇನ್ಶೂರೆನ್ಸ್

ಇದಿಲ್ಲದೆ ಎನ್‌ರೋಲ್ ಆಗಲು ಬಿಡುವುದಿಲ್ಲ. ಮೂವತ್ತು ವರ್ಷದ ಒಳಗಿನವರಿಗೆ ಸರ್ಕಾರಿ ವ್ಯವಸ್ಥೆಯ ಇನ್ಶೂರೆನ್ಸ್ ವಿದ್ಯಾರ್ಥಿ ದರದಲ್ಲಿ, ತಿಂಗಳಿಗೆ ಸುಮಾರು 150 ಯೂರೋಗೆ ಸಿಗುತ್ತದೆ. ಪ್ರೈವೇಟ್ ಇನ್ನೂ ಅಗ್ಗ ಅಂತ ಯಾರಾದರೂ ಹೇಳಿದರೆ ಸುಮ್ನೆ ಒಪ್ಪಬೇಡಿ. ಶುರುವಿನಲ್ಲಿ ಪ್ರೈವೇಟ್ ಆರಿಸಿ ವಿನಾಯಿತಿ ಪಡೆದರೆ, ಓದು ಮುಗಿಯುವವರೆಗೆ ಸರ್ಕಾರಿ ವಿದ್ಯಾರ್ಥಿ ಇನ್ಶೂರೆನ್ಸಿಗೆ ವಾಪಸ್ ಬರಲು ಆಗುವುದಿಲ್ಲ. ನನ್ನ ಪ್ರಕಾರ ಆ ಉಳಿತಾಯ ಬೇಡ.

ಮನೆ ಹತ್ತಿರ ಒಬ್ಬ ಫ್ಯಾಮಿಲಿ ಡಾಕ್ಟರನ್ನು ಆರೋಗ್ಯ ಚೆನ್ನಾಗಿರುವಾಗಲೇ ಹುಡುಕಿಟ್ಟುಕೊಳ್ಳಿ. ಆಂಟಿಬಯೋಟಿಕ್ ಚೀಟಿಯಿಲ್ಲದೆ ಸಿಗುವುದಿಲ್ಲ. ನೀವು ದಿನಾ ತೆಗೆದುಕೊಳ್ಳುವ ಔಷಧಿ ಇದ್ದರೆ ಮೂರು ತಿಂಗಳಿಗಾಗುವಷ್ಟು, ಡಾಕ್ಟರ್ ಚೀಟಿಯ ಜೊತೆ ತನ್ನಿ. ಜೀವಕ್ಕೆ ಅಪಾಯ ಇದ್ದರೆ 112. ಅಷ್ಟು ತುರ್ತಿಲ್ಲ, ಆದರೆ ಕ್ಲಿನಿಕ್ ಮುಚ್ಚಿದೆ ಅಂದರೆ 116117. ಪೊಲೀಸ್ 110. ಮೂರನ್ನೂ ಇವತ್ತೇ ಫೋನಿನಲ್ಲಿ ಹಾಕಿಕೊಳ್ಳಿ.

ಓದು: ನಮ್ಮಲ್ಲಿಗಿಂತ ಎಲ್ಲಿ ಬೇರೆ

ವಿಟಿಯುನಲ್ಲಿ ಓದಿ ಬಂದವರಿಗೆ ಅಟೆಂಡೆನ್ಸ್ ಮತ್ತು ಇಂಟರ್ನಲ್ಸ್ ಅಭ್ಯಾಸ. ವರ್ಷವಿಡೀ ಸ್ವಲ್ಪ ಸ್ವಲ್ಪ ಅಂಕ ಕೂಡಿಡುತ್ತಾ ಬರುತ್ತೇವೆ. ಇಲ್ಲಿ ಬಹಳಷ್ಟು ವಿಷಯಗಳಲ್ಲಿ ಲೆಕ್ಚರಿಗೆ ಹಾಜರಿಯೇ ಇಲ್ಲ, ಇಂಟರ್ನಲ್ಸೂ ಇಲ್ಲ. ಕೊನೆಯ ಒಂದು ಪರೀಕ್ಷೆಯೇ ಪೂರ್ತಿ ಗ್ರೇಡ್ ತೀರ್ಮಾನಿಸುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಕ್ಲಾಸು ಶುರುವಾಗಿ ಡಿಸೆಂಬರ್‌ವರೆಗೆ ಆರಾಮ ಅನಿಸುತ್ತದೆ. ಫೆಬ್ರುವರಿಯಲ್ಲಿ ಎಲ್ಲ ಪರೀಕ್ಷೆ ಒಟ್ಟಿಗೆ ಬರುತ್ತವೆ. ಪರೀಕ್ಷೆಗೆ ಮೂರು ದಿನ ಮೊದಲು ಹಳೇ ಪ್ರಶ್ನೆಪತ್ರಿಕೆ ನೋಡಿ ಪಾಸಾಗುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ವಾರ ವಾರದ ಲೆಕ್ಕಗಳ ಕ್ಲಾಸನ್ನು, ಕಡ್ಡಾಯವಲ್ಲದಿದ್ದರೂ, ತಪ್ಪಿಸಬೇಡಿ. ಪರೀಕ್ಷೆಯಲ್ಲಿ ಬರುವ ರೀತಿಯ ಪ್ರಶ್ನೆಗಳನ್ನು ಮಾಡಿಸುವುದು ಅಲ್ಲೇ.

ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ಎರಡು ವರ್ಷದ ಕೋರ್ಸಿಗೆ 120 ಅನ್ನುವುದು ಲೆಕ್ಕ. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ಮೊದಲ ಸೆಮಿಸ್ಟರಿನಲ್ಲಿ 30 ತೆಗೆದುಕೊಳ್ಳಲೇಬೇಕು ಅಂತ ಹಟ ಬೇಡ. ಕೋರ್ಸಿನ ನಿಯಮ ಬಿಡುವುದಾದರೆ 20–25 ಸಾಕು. ಮನೆ, ಕಾಗದ, ಭಾಷೆ, ಚಳಿ ಎಲ್ಲ ಒಟ್ಟಿಗೆ ಇರುವ ಕಾಲ ಅದು.

ಗ್ರೇಡ್ ನಮ್ಮದರ ಉಲ್ಟಾ. 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ಮನೆಯವರಿಗೂ ಇದನ್ನು ಮೊದಲೇ ಹೇಳಿಡಿ.

ಪರೀಕ್ಷೆಗೆ ನೀವೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ಕ್ಲಾಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಸೇರಿದಂತಲ್ಲ. ಗಡುವು ಡಿಸೆಂಬರ್‌ನಲ್ಲೇ ಮುಗಿದುಹೋಗಬಹುದು. ಹಿಂದೆ ಸರಿಯಲೂ ಒಂದು ಗಡುವು ಇದೆ. ಅದು ದಾಟಿದ ಮೇಲೆ ಹೋಗದಿದ್ದರೆ ಫೇಲ್ ಎಂದೇ ಲೆಕ್ಕ. ಹುಷಾರಿಲ್ಲದಿದ್ದರೆ ಅದೇ ದಿನ ಡಾಕ್ಟರ್ ಪತ್ರ ತೆಗೆದುಕೊಂಡು ಪರೀಕ್ಷಾ ಕಚೇರಿಗೆ ಕೊಡಿ. ಒಂದು ವಿಷಯಕ್ಕೆ ಎಷ್ಟು ಅವಕಾಶ ಅನ್ನುವುದು ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿಯಲ್ಲಿದೆ. ಬಹಳ ಕಡೆ ಮೂರು ಸಲ. ಕಡ್ಡಾಯ ವಿಷಯದಲ್ಲಿ ಕೊನೆಯ ಅವಕಾಶವೂ ಕೈತಪ್ಪಿದರೆ ಕೋರ್ಸಿನಿಂದಲೇ ಹೊರಗೆ, ವೀಸಾಕ್ಕೂ ಪೆಟ್ಟು. ಬ್ಯಾಕ್‌ಲಾಗ್ ಇಟ್ಟುಕೊಂಡು ಆಮೇಲೆ ನೋಡೋಣ ಅನ್ನುವ ನಮ್ಮ ಧೈರ್ಯ ಇಲ್ಲಿ ಬೇಡ. ಆ ನಿಯಮಾವಳಿಯನ್ನು ಮೊದಲ ವಾರವೇ ಓದಿ. ಜರ್ಮನ್‌ನಲ್ಲಿದ್ದರೆ ಅನುವಾದ ಮಾಡಿಕೊಂಡು ಓದಿ.

ಟೈಮ್‌ಟೇಬಲ್‌ನಲ್ಲಿ ಸಿ.ಟಿ. ಎಂದಿದ್ದರೆ ಕ್ಲಾಸು ಕಾಲು ಗಂಟೆ ತಡವಾಗಿ ಶುರು. ಎಸ್.ಟಿ. ಎಂದಿದ್ದರೆ ಸರಿಯಾಗಿ ಆ ಹೊತ್ತಿಗೆ.

ಪ್ರೊಫೆಸರ್ ಜೊತೆ ಮಾತಾಡಲು ಹೆದರಬೇಡಿ. ಸರ್, ಮೇಡಂ ಅನ್ನುವುದಿಲ್ಲ. ಹೆಸರಿಗೆ ಮೊದಲು ಹೆರ್ (ಗಂಡಸರಿಗೆ) ಅಥವಾ ಫ್ರೌ (ಹೆಂಗಸರಿಗೆ) ಸೇರಿಸಿ ಕರೆಯುತ್ತಾರೆ, ಇಮೇಲ್‌ನಲ್ಲಿ ಪ್ರೊಫೆಸರ್ ಎಂದು ಬರೆಯುತ್ತಾರೆ. ಚಿಕ್ಕ ಇಮೇಲ್ ಬರೆದು, ವಿಷಯ ಒಂದೇ ಸಾಲಿನಲ್ಲಿ ಹೇಳಿ, ಭೇಟಿಯ ಸಮಯ ಕೇಳಿ. ಅರ್ಥವಾಗಲಿಲ್ಲ ಎಂದು ಹೇಳಿದರೆ ಯಾರೂ ಕೀಳಾಗಿ ನೋಡುವುದಿಲ್ಲ. ಅರ್ಥವಾಗದೆ ತಲೆಯಾಡಿಸಿದರೆ ಮಾತ್ರ ಮುಂದೆ ಕಷ್ಟ.

ಕಾಪಿ ವಿಚಾರದಲ್ಲಿ ಈ ದೇಶ ಬಹಳ ಬಿಗಿ. 2011ರಲ್ಲಿ ರಕ್ಷಣಾ ಸಚಿವ ಕಾರ್ಲ್ ತಿಯೋಡೋರ್ ತ್ಸು ಗುಟೆನ್‌ಬೆರ್ಗ್, 2013ರಲ್ಲಿ ಶಿಕ್ಷಣ ಸಚಿವೆ ಆನೆಟೆ ಶಾವಾನ್, ಇಬ್ಬರೂ ಡಾಕ್ಟರೇಟ್ ಪ್ರಬಂಧದಲ್ಲಿ ಬೇರೆಯವರದ್ದನ್ನು ಹೇಳದೆ ಬಳಸಿದ್ದಕ್ಕೆ ಪದವಿ ಕಳೆದುಕೊಂಡು ರಾಜೀನಾಮೆ ಕೊಟ್ಟರು. ಸೀನಿಯರ್ ಲ್ಯಾಬ್ ರಿಪೋರ್ಟಿನಿಂದ ಒಂದು ಪ್ಯಾರಾ ಎತ್ತುವುದೂ ಇಲ್ಲಿ ಸಣ್ಣ ವಿಷಯವಲ್ಲ.

ಪಾರ್ಟ್ ಟೈಮ್ ಕೆಲಸ

2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕ್ಲಾಸು ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆ ದಾಟಿದರೆ ವಿದ್ಯಾರ್ಥಿ ಇನ್ಶೂರೆನ್ಸ್ ದರಕ್ಕೇ ಕುತ್ತು. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಫ್ರೀಲಾನ್ಸ್ ಮಾಡಲು ಬೇರೆ ಅನುಮತಿ ಬೇಕು. ಊಟ ತಲುಪಿಸುವ ಕೆಲಸವನ್ನು ಸ್ವಂತ ದುಡಿಮೆ ಎಂದು ಬರೆಸಿಕೊಂಡು ಕೊಡುವವರಿದ್ದರೆ ದೂರ ಇರಿ.

ಎಲ್ಲಕ್ಕಿಂತ ಒಳ್ಳೆಯದು ಹೀವಿ ಕೆಲಸ, ಅಂದರೆ ಯೂನಿವರ್ಸಿಟಿಯ ಲ್ಯಾಬಿನಲ್ಲೇ ಸಹಾಯಕರಾಗಿ ದುಡಿಯುವುದು. ಅದು 140 ದಿನದ ಲೆಕ್ಕಕ್ಕೂ ಸೇರುವುದಿಲ್ಲ. ಥೀಸಿಸ್‌ಗೆ ಪರಿಚಯವೂ ಆಗುತ್ತದೆ. ಆದರೆ ಮೊದಲ ಸೆಮಿಸ್ಟರ್ ಪೂರ್ತಿ ಯಾವ ಕೆಲಸಕ್ಕೂ ಸೇರದಿದ್ದರೆ ಇನ್ನೂ ಒಳ್ಳೆಯದು. ಲೋನಿನ ಒತ್ತಡ ನನಗೆ ಅರ್ಥವಾಗುತ್ತದೆ. ಆದರೂ ಆ ಸಮಯವನ್ನು ಭಾಷೆಗೆ ಕೊಡಿ. ಕೋರ್ಸು ಇಂಗ್ಲಿಷ್‌ನಲ್ಲಿದ್ದರೂ ಡಾಕ್ಟರ್, ಕಚೇರಿ, ಮುಂದೆ ಕೆಲಸ ಎಲ್ಲವೂ ಜರ್ಮನ್‌ನಲ್ಲಿ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ. ಆಗ ಕಲಿಯಲು ಶುರು ಮಾಡಿದರೆ ತಡ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆಲ್ಲೋ ಜರ್ಮನ್ ಕಲಿಕೆಯ ಮೊದಲ ಹಂತವಾದ ಎ1 ಮುಗಿಸಿ ಬನ್ನಿ, ಇಲ್ಲಿ ಯೂನಿವರ್ಸಿಟಿಯ ಭಾಷಾ ಕೇಂದ್ರದಲ್ಲಿ ಮುಂದುವರಿಸಿ.

ಮನೆಯೊಳಗೆ, ನೆರೆಹೊರೆಯಲ್ಲಿ

ಭಾನುವಾರ ಅಂಗಡಿ ಮುಚ್ಚಿರುತ್ತವೆ. ಶನಿವಾರವೇ ಹಾಲು, ತರಕಾರಿ ತಂದಿಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ, ಭಾನುವಾರ ಇಡೀ ದಿನ ಮಿಕ್ಸಿ, ಡ್ರಿಲ್ ಬೇಡ. ಕಸ ಬೇರೆ ಬೇರೆ ಡಬ್ಬಿಗೆ. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಅಂಗಡಿಯ ಯಂತ್ರಕ್ಕೆ ಹಾಕಿ ವಾಪಸ್ ಪಡೆಯಿರಿ. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು.

ಒಗ್ಗರಣೆ ಹಾಕುವಾಗ ಕಿಟಕಿ ತೆರೆದು ಬಾಗಿಲು ಮುಚ್ಚಿ. ಬೇರೆಯವರಿಗೆ ವಾಸನೆ ಕಷ್ಟವಾದರೆ ನಾಚಿಕೆಪಡಬೇಡಿ, ಕೂತು ಮಾತಾಡಿ. ಒಮ್ಮೆ ಬಿಸಿಬೇಳೆಬಾತ್ ಮಾಡಿ ಎಲ್ಲರನ್ನೂ ಊಟಕ್ಕೆ ಕರೆದರೆ ಅರ್ಧ ತಕರಾರು ಕರಗುತ್ತದೆ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆರೆದಿಡಿ. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿದು ಡೆಪಾಸಿಟ್‌ಗೆ ಕತ್ತರಿ ಬೀಳುತ್ತದೆ.

ನವೆಂಬರ್ ಆಮೇಲೆ

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಭಾರತಕ್ಕೂ ಇಲ್ಲಿಗೂ ಮೂರೂವರೆ ಗಂಟೆ ಇದ್ದ ವ್ಯತ್ಯಾಸ ನಾಲ್ಕೂವರೆ ಆಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೇ ಕತ್ತಲು. ನೀವು ಕ್ಲಾಸು ಮುಗಿಸಿ ಮನೆಗೆ ಬಂದು ಊಟ ಮಾಡುವಷ್ಟರಲ್ಲಿ ಊರಿನಲ್ಲಿ ಎಲ್ಲರೂ ಮಲಗಿರುತ್ತಾರೆ. ಮನಸ್ಸು ಭಾರವಾಗುವುದು ಈಗಲೇ. ಹಾಗಾಗಿ ಮನೆಗೆ ಫೋನ್ ಮಾಡುವುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆಯಿರಿ. ಯೂನಿವರ್ಸಿಟಿ ಸ್ಪೋರ್ಟ್ಸ್ ಕ್ಲಾಸುಗಳು ಬಹಳ ಅಗ್ಗ, ಯಾವುದಾದರೂ ಒಂದಕ್ಕೆ ಸೇರಿ. ಜರ್ಮನ್ ಸಹಪಾಠಿಗಳು ತಾವಾಗಿ ಬಂದು ಮಾತಾಡಿಸುವುದು ಕಡಿಮೆ. ವಾರ ವಾರ ಒಂದೇ ಗುಂಪಿನಲ್ಲಿ ಸಿಕ್ಕರೆ ಮಾತ್ರ ಗೆಳೆತನ ಬೆಳೆಯುತ್ತದೆ.

ನಮ್ಮವರೂ ಇದ್ದಾರೆ. ಫ್ರಾಂಕ್‌ಫರ್ಟ್ ಸುತ್ತ ರೈನ್ ಮೈನ್ ಕನ್ನಡ ಸಂಘ, ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ ಇವೆ. ನವೆಂಬರ್ ಹೊತ್ತಿಗೆ ರಾಜ್ಯೋತ್ಸವ ನಡೆಯುತ್ತದೆ, ಹೋಗಿ. ಸ್ಟುಟ್‌ಗಾರ್ಟ್ ಕಡೆ ಇರುವವರು ಒಂದು ದಿನ ಟ್ಯೂಬಿಂಗನ್‌ಗೂ ಹೋಗಿಬನ್ನಿ. ನಮ್ಮ ನುಡಿಗೆ ದೊಡ್ಡ ನಿಘಂಟು ಮಾಡಿಕೊಟ್ಟ ಕಿಟೆಲ್ ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಆದರೆ ಎಲ್ಲ ಸಂಜೆಯೂ ನಮ್ಮವರ ಜೊತೆಯೇ ಬೇಡ, ಭಾಷೆ ಅಲ್ಲೇ ನಿಂತುಬಿಡುತ್ತದೆ.

ನಿದ್ದೆ ಬಾರದೆ, ಊಟ ಸೇರದೆ, ಕ್ಲಾಸಿಗೆ ಹೋಗಲು ಮನಸ್ಸಿಲ್ಲದೆ ಎರಡು ವಾರ ಕಳೆದರೆ ಕಾಯಬೇಡಿ. ಸ್ಟುಡಿಯೆರೆಂಡನ್‌ವೆರ್ಕ್‌ನಲ್ಲಿ ವಿದ್ಯಾರ್ಥಿಗಳಿಗಾಗಿಯೇ ಮಾನಸಿಕ ಸಲಹಾ ಕೇಂದ್ರ ಇರುತ್ತದೆ. ಇಂಗ್ಲಿಷ್‌ನಲ್ಲೂ ಮಾತಾಡುವವರು ಸಿಗುತ್ತಾರೆ, ನೀವು ಹೇಳಿದ್ದು ಯೂನಿವರ್ಸಿಟಿಗಾಗಲಿ ವೀಸಾ ಕಚೇರಿಗಾಗಲಿ ಹೋಗುವುದಿಲ್ಲ. ಅಪ್ಪ ಅಮ್ಮನಿಗೆ ಹೇಳಿದರೆ ಚಿಂತೆ ಮಾಡುತ್ತಾರೆ ಅಂತ ಒಬ್ಬರೇ ಒಳಗೊಳಗೇ ನುಂಗಬೇಡಿ.

ಇನ್ನೊಂದು ಗಡುವು ಉಳಿದಿದೆ. ಪರೀಕ್ಷೆಯ ಗಡಿಬಿಡಿಯಲ್ಲೇ, ಜನವರಿ–ಫೆಬ್ರುವರಿ ಹೊತ್ತಿಗೆ, ಏಪ್ರಿಲ್‌ನಲ್ಲಿ ಶುರುವಾಗುವ ಸೆಮಿಸ್ಟರಿನ ಶುಲ್ಕ ಕಟ್ಟಿ ಮರುನೋಂದಣಿ ಮಾಡಿಕೊಳ್ಳಬೇಕು. ಕಟ್ಟದಿದ್ದರೆ ಹೆಸರು ಯೂನಿವರ್ಸಿಟಿ ಪಟ್ಟಿಯಿಂದ ಹೋಗುತ್ತದೆ, ಅದರ ಹಿಂದೆಯೇ ವಾಸದ ಪರವಾನಗಿಯೂ ಅಲುಗಾಡುತ್ತದೆ. ಕೊನೆಯ ದಿನಾಂಕ ನಿಮ್ಮ ಸ್ಟೂಡೆಂಟ್ ಪೋರ್ಟಲ್‌ನಲ್ಲಿದೆ. ಬ್ಯಾಂಕಿನಿಂದ ಕಳಿಸುವಾಗ ಅವರು ಕೊಟ್ಟ ರೆಫರೆನ್ಸ್ ನಂಬರನ್ನು ಅಕ್ಷರವೂ ತಪ್ಪದೆ ಹಾಕಿ, ಮೂರ್ನಾಲ್ಕು ದಿನ ಬಿಟ್ಟು ಹಣ ಸೇರಿತಾ ಅಂತ ಪೋರ್ಟಲ್‌ನಲ್ಲಿ ನೋಡಿ.